ಎಂಜಲು ಬೀಡಿ



ಧೂಮಪಾನದ ಕೆಡುಕನ್ನು ಕುರಿತು ಬಾನುಲಿಯಲ್ಲಿಯೂ ಪತ್ರಿಕೆಗಳಲ್ಲಿಯೂ ನೀವು ಸಾಕಷ್ಟು ಕೇಳಿದ್ದೀರಿ, ಓದಿದ್ದೀರಿ; ಸಿಗರೇಟಿನ ಪೊಟ್ಟಣದ ಮೇಲೆ ಮುದ್ರಿತವಾಗಿರುವ ಭೀಕರ ಚಿತ್ರಗಳನ್ನೂ ಕಂಡಿದ್ದೀರಿ. ಆದಕಾರಣ ಆ ವಿಷಯವನ್ನೆಲ್ಲ ಆದ್ಯಂತವಾಗಿ ಮತ್ತೊಮ್ಮೆ ವಿವರಿಸುವುದು ನನ್ನ ಉದ್ದೇಶವಲ್ಲ. ಅದರ ಒಳಗೇ ಅಡಗಿದ್ದು, ಬಡವರ ಬದುಕಿಗೆ ತೀರ ಹತ್ತಿರವಾಗಿದ್ದರೂ ನಮ್ಮ ಮಾತುಕತೆಯಲ್ಲಿ ಅಷ್ಟಾಗಿ ಕಾಣಿಸಿಕೊಳ್ಳದ ಒಂದು ಸಂಗತಿಯನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ. ಒಬ್ಬನು ಸೇದುತ್ತಿರುವ ಬೀಡಿಯನ್ನೋ ಸಿಗರೇಟನ್ನೋ ಇನ್ನೊಬ್ಬನು ಇಸಿದುಕೊಂಡು ಸೇದುವುದು, ಮತ್ತು ಯಾರೋ ಸೇದಿ ಬಿಸುಟ ತುಂಡನ್ನು ನೆಲದಿಂದ ಆಯ್ದು ಪುನಃ ಹೊತ್ತಿಸಿಕೊಳ್ಳುವುದು, ಈ ಎರಡು ಅಭ್ಯಾಸಗಳಿಂದ ದೇಹಕ್ಕೆ ಒದಗುವ ಅಪಾಯವೇ ಆ ಸಂಗತಿ.

ನಮ್ಮ ಮನೆಗಳಲ್ಲಿ ಎಂಜಲಿನ ವಿಚಾರವಾಗಿ ಇರುವಷ್ಟು ಎಚ್ಚರ ಬೇರೆ ಯಾವ ವಿಚಾರದಲ್ಲಿಯೂ ಇಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಮಗುವು ಲೋಟಕ್ಕೆ ತುಟಿ ತಾಗಿಸಿತೆಂದರೆ, ‘ಕಚ್ಚಿ ಕುಡಿಯಬೇಡ, ಎತ್ತಿ ಕುಡಿ’ ಎಂದು ಅಜ್ಜಿ ಒಳಗಿನಿಂದಲೇ ಗದರುತ್ತಾಳೆ; ಊಟಕ್ಕೆ ಕುಳಿತವನು ಎಂಜಲ ಕೈಯಿಂದ ಬಡಿಸುವ ಪಾತ್ರೆಯನ್ನು ಮುಟ್ಟುವಂತಿಲ್ಲ; ಹಬ್ಬದ ಅಡುಗೆಯ ಉಪ್ಪುಖಾರವನ್ನು ನೋಡಬೇಕಾದರೂ ಸೌಟಿನಿಂದ ಅಂಗೈಗೆ ಹನಿಸಿಕೊಂಡು ನೋಡಬೇಕಲ್ಲದೆ ಸೌಟನ್ನೇ ಬಾಯಿಗಿಡುವುದು ಕೂಡದು. ಈ ಆಚಾರದ ಒಂದು ಕವಲು ಮನುಷ್ಯರನ್ನು ಮನುಷ್ಯರಿಂದ ದೂರವಿರಿಸುವ ಅನ್ಯಾಯದ ಕಡೆಗೂ ಹರಿದುಹೋಯಿತೆಂಬುದನ್ನು ನಾನು ಮರೆತಿಲ್ಲ. ಆ ಕವಲನ್ನು ಸಮರ್ಥಿಸುವವನೂ ನಾನಲ್ಲ. ಆದರೆ ಒಬ್ಬರ ಬಾಯಿಯ ಜೊಲ್ಲು ಇನ್ನೊಬ್ಬರ ಬಾಯಿಯನ್ನು ಸೇರಬಾರದೆಂಬ ಮೂಲವಿವೇಕವೇನುಂಟೋ ಅದು ಆರೋಗ್ಯಶಾಸ್ತ್ರಕ್ಕೆ ಸರ್ವಥಾ ಸಮ್ಮತವಾದುದು. ಇಷ್ಟು ನಿಷ್ಠೆಯಿಂದ ಕಾಪಾಡಿಕೊಂಡು ಬಂದ ಈ ವಿವೇಕವು ಬೀಡಿಯೊಂದು ಎದುರಿಗೆ ಬಂದೊಡನೆ ಬಾಯಿ ಮುಚ್ಚಿಕೊಳ್ಳುವುದೇಕೆಂಬುದು ಆಲೋಚಿಸತಕ್ಕ ವಿಷಯ. ಅನ್ಯರ ಲೋಟದಲ್ಲಿ ನೀರು ಕುಡಿಯಲು ಹಿಂದೆಮುಂದೆ ನೋಡುವ ಮನುಷ್ಯನೇ, ‘ಒಂದು ದಮ್ಮು ಕೊಡಣ್ಣ’ ಎಂದು ಕೈ ಚಾಚುತ್ತಾನೆ.

ಕಟ್ಟಡದ ಕೆಲಸ ನಡೆಯುವ ಯಾವುದಾದರೊಂದು ಸ್ಥಳದಲ್ಲಿ ಮಧ್ಯಾಹ್ನದ ಬಿಡುವಿನ ಹೊತ್ತಿನಲ್ಲಿ ನಿಂತು ನೋಡಿರಿ. ಬುತ್ತಿಯ ಡಬ್ಬಿಗಳನ್ನು ತೊಳೆದಿಟ್ಟು, ಇಟ್ಟಿಗೆಯ ರಾಶಿಯ ನೆರಳಿನಲ್ಲಿ ನಾಲ್ವರು ಕುಕ್ಕರಗಾಲಿನಲ್ಲಿ ಕುಳಿತಿರುತ್ತಾರೆ. ಅವರಲ್ಲಿ ಹಿರಿಯನಾದವನು ಬೆಳಿಗ್ಗೆ ಅರ್ಧ ಸೇದಿ ಆರಿಸಿ ಕಿವಿಯ ಸಂದಿಯಲ್ಲಿ ಸಿಕ್ಕಿಸಿಕೊಂಡಿದ್ದ ಮೋಟು ಬೀಡಿಯನ್ನು ತೆಗೆದು, ಅದರ ಕರಿಕಲಾದ ತುದಿಯನ್ನು ಬೆರಳಿನಿಂದ ತಟ್ಟಿ ಬೂದಿ ಉದುರಿಸಿ, ಕಡ್ಡಿ ಗೀರಿ ಹೊತ್ತಿಸುತ್ತಾನೆ. ಎರಡು ದಮ್ಮು ಎಳೆದು ಪಕ್ಕದವನಿಗೆ ಕೊಡುತ್ತಾನೆ. ಪಕ್ಕದವನು ಮೂರನೆಯವನಿಗೆ ದಾಟಿಸುತ್ತಾನೆ. ನಾಲ್ಕನೆಯವನ ಕೈಗೆ ಬರುವಷ್ಟರಲ್ಲಿ ಬೀಡಿಯು ದಾರದವರೆಗೂ ಉರಿದುಹೋಗಿರುವುದರಿಂದ ಆತನು ಅದನ್ನು ಉಗುರಿನ ತುದಿಯಲ್ಲಿ ಹಿಡಿದು, ಕೆನ್ನೆ ಒಳಕ್ಕೆ ಸೆಳೆದುಕೊಳ್ಳುವಂತೆ ಬಲವಾಗಿ ಎಳೆದು, ಕೆಮ್ಮಿ, ಎಸೆಯುತ್ತಾನೆ. ಆ ಎಸೆದ ತುಂಡನ್ನು ಎತ್ತಿ ನೋಡುವ ಸಹನೆ ನಿಮಗಿದ್ದರೆ, ಅದರ ಬಾಯಿಯ ತುದಿ ಚಪ್ಪಟೆಯಾಗಿ, ಕಪ್ಪಗೆ ನೆನೆದು, ಹಲ್ಲಿನ ಗುರುತನ್ನು ಹೊತ್ತಿರುವುದನ್ನು ಕಾಣುವಿರಿ. ನಾಲ್ವರ ತುಟಿಯ ತೇವವೂ ಆ ಅರ್ಧ ಅಂಗುಲದ ಎಲೆಯಲ್ಲಿ ಕೂಡಿಕೊಂಡಿದೆ.

ಇದು ಕೇವಲ ಕೂಲಿಕಾರರ ಅಭ್ಯಾಸವೆಂದು ಭಾವಿಸತಕ್ಕದ್ದಲ್ಲ. ಕಾಲೇಜಿನ ಹಿಂಬದಿಯ ಗೋಡೆಯ ಮರೆಯಲ್ಲಿ ಮೂವರು ತರುಣರು ಒಂದೇ ಸಿಗರೇಟನ್ನು ಸರದಿಯ ಮೇಲೆ ಸೇದುವುದನ್ನು ಸ್ನೇಹದ ಕುರುಹೆಂದೇ ಎಣಿಸಿರುತ್ತಾರೆ. ಸಿಗರೇಟನ್ನು ಒಂದೊಂದಾಗಿ ಬಿಡಿಯಾಗಿ ಮಾರುವುದನ್ನು ಕರ್ನಾಟಕ ಸರ್ಕಾರವು 2017ರಲ್ಲಿ ನಿಷೇಧಿಸಿತಾದರೂ, ಬಿಡಿ ಸಿಗರೇಟು ಕೊಂಡು ಹಂಚಿಕೊಳ್ಳುವ ರೂಢಿ ಗೂಡಂಗಡಿಗಳ ಆಸುಪಾಸಿನಿಂದ ಇನ್ನೂ ತೊಲಗಿಲ್ಲ.

ಬಿಸುಟ ತುಂಡನ್ನು ಆಯುವುದಂತೂ ಹೊಗೆಸೊಪ್ಪಿನ ಚರಿತ್ರೆಯಷ್ಟೇ ವಿಸ್ತಾರವಾದ ಕಥೆ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ ನಗರದಲ್ಲಿ, ಬೀದಿಬೀದಿಗಳಲ್ಲಿಯೂ ಕಾಫಿಗೃಹಗಳ ಮುಂದೆಯೂ ಬಿದ್ದ ಚುಟ್ಟಾ ಸಿಗರೇಟುಗಳ ತುಂಡುಗಳನ್ನು ಆಯ್ದು, ಬಿಡಿಸಿ, ಒಳಗಿನ ಹೊಗೆಸೊಪ್ಪನ್ನು ಮಾರಿ ಹೊಟ್ಟೆ ಹೊರೆಯುವವರಿದ್ದರು. ಪ್ಲಾಸ್ ಮೋಬೇರ್ ಎಂಬ ಚೌಕವು ಅವರ ಸಂತೆಯೆಂದೇ ಪ್ರಸಿದ್ಧವಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯಲ್ಲಿ, 1948ರ ಜೂನ್ ತಿಂಗಳಲ್ಲಿ ಹೊಸ ನಾಣ್ಯ ಚಲಾವಣೆಗೆ ಬರುವವರೆಗೂ ಸಿಗರೇಟೇ ಹಣದಂತೆ ಕೈಯಿಂದ ಕೈಗೆ ಸಾಗುತ್ತಿದ್ದಾಗ, ವಿಜೇತ ಸೈನಿಕರು ಎಸೆದ ತುಂಡುಗಳನ್ನು ಜನರು ಆಯ್ದುಕೊಳ್ಳುತ್ತಿದ್ದರು. ನಮ್ಮ ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಜನಿಸಿದ ಆಂಗ್ಲ ಲೇಖಕರಾದ ಜಾರ್ಜ್ ಆರ್ವೆಲ್, ತಾವು ದಾರಿದ್ರ್ಯದಲ್ಲಿ ಕಳೆದ ದಿನಗಳನ್ನು ಕುರಿತು 1933ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಲೆಮಾರಿಯೊಬ್ಬನು ದಾರಿಯುದ್ದಕ್ಕೂ ನೆಲದ ಮೇಲೆ ಕಣ್ಣಿಟ್ಟು ಸಿಗರೇಟಿನ ತುಂಡುಗಳನ್ನು ಹುಡುಕುತ್ತ ನಡೆಯುವುದನ್ನು ಚಿತ್ರಿಸಿದ್ದಾರೆ. ಹಸಿವಿನ ಹೊಟ್ಟೆಯನ್ನು ಸಹಿಸಿಕೊಂಡವನೂ ಹೊಗೆಯ ಹಸಿವನ್ನು ಸಹಿಸಲಾರನೆಂಬುದು ಇವೆಲ್ಲವುಗಳಿಂದ ವಿದಿತವಾಗುತ್ತದೆ.

ಇನ್ನು ಅಪಾಯದ ವಿಚಾರ. ತುಂಡನ್ನು ಆಯ್ದು ಸೇದುವವನನ್ನು ಕೇಳಿದರೆ, ‘ಬೆಂಕಿ ಮುಟ್ಟಿದ ಮೇಲೆ ಮೈಲಿಗೆ ಎಲ್ಲಿಯದು?’ ಎಂಬ ಉತ್ತರ ಬರುವುದುಂಟು. ಅಗ್ನಿಯು ಸಕಲವನ್ನೂ ಶುದ್ಧಗೊಳಿಸುವನೆಂಬ ನಂಬಿಕೆ ನಮ್ಮ ರಕ್ತದಲ್ಲಿಯೇ ಇರುವುದರಿಂದ ಈ ಮಾತು ಮೇಲ್ನೋಟಕ್ಕೆ ಯುಕ್ತವೆಂದು ತೋರುತ್ತದೆ. ಆದರೆ ಬೆಂಕಿ ಇರುವುದು ಒಂದು ತುದಿಯಲ್ಲಿ, ಬಾಯಿ ಇಡುವುದು ಇನ್ನೊಂದು ತುದಿಯಲ್ಲಿ. ಎಳೆಯುವ ಕ್ಷಣದಲ್ಲಿ ಕೆಂಡದ ತುದಿಯ ಉಷ್ಣತೆ ಸುಮಾರು 900 ಸೆಂಟಿಗ್ರೇಡ್ ಡಿಗ್ರಿಗಳವರೆಗೆ ಏರುತ್ತದೆಂಬುದು ನಿಜವೇ. ಆ ಉಷ್ಣದಲ್ಲಿ ಯಾವ ಸೂಕ್ಷ್ಮಜೀವಿಯೂ ಉಳಿಯಲಾರದೆಂಬುದೂ ನಿಜವೇ. ಆದರೂ ಹೊಗೆಯು ಹೊಗೆಸೊಪ್ಪಿನ ಮೂಲಕ ಸಾಗಿ ಬರುವಷ್ಟರಲ್ಲಿ ತಣಿದು, ತುಟಿ ಸುಡದಷ್ಟು ಸೌಮ್ಯವಾಗಿರುತ್ತದೆ; ಹಾಗಿಲ್ಲದಿದ್ದರೆ ಯಾರೂ ಸೇದಲಾರರು. ತುಟಿಯನ್ನು ಸುಡದ ಶಾಖ ತುಟಿಯ ತೇವದಲ್ಲಿರುವ ಕ್ರಿಮಿಯನ್ನು ಮಾತ್ರ ಹೇಗೆ ಸುಟ್ಟೀತು? ಹಿಂದೆ ಸೇದಿದವನ ಜೊಲ್ಲು ಬಾಯಿಯ ತುದಿಯಲ್ಲಿ ಹಾಗೆಯೇ ಇರುತ್ತದೆ. ನೆಲದಿಂದ ಆಯ್ದ ತುಂಡಾದರೆ ಅದರೊಡನೆ ಬೀದಿಯ ಧೂಳು, ಚರಂಡಿಯ ನೀರು, ದಾರಿಹೋಕರ ಉಗುಳು ಕೂಡಿರುತ್ತವೆ.

ಈ ಎಂಜಲಿನಿಂದ ಬರುವ ರೋಗಗಳಾವುವು? ನೆಗಡಿ, ಶೀತಜ್ವರ, ಗಂಟಲುನೋವುಗಳಂತಹ ಸಾಮಾನ್ಯ ಬೇನೆಗಳನ್ನು ಎಲ್ಲರೂ ಬಲ್ಲರು. ತುಟಿಯ ಅಂಚಿನಲ್ಲಿ ನೀರುಗುಳ್ಳೆಗಳನ್ನು ಏಳಿಸುವ ಹರ್ಪಿಸ್ ಎಂಬ ವೈರಾಣುವು ಒಮ್ಮೆ ದೇಹವನ್ನು ಹೊಕ್ಕಿತೆಂದರೆ ನರದ ಬುಡದಲ್ಲಿ ಅಡಗಿಕೊಂಡು ಯಾವಜ್ಜೀವವೂ ಅಲ್ಲಿಯೇ ಇರುತ್ತದೆ. ಇವೆಲ್ಲಕ್ಕಿಂತ ಘೋರವಾದುದು ಮೆದುಳುಪೊರೆಯ ಉರಿಯೂತವನ್ನು ತರುವ ಮೆನಿಂಗೊಕಾಕಸ್ ಎಂಬ ಸೂಕ್ಷ್ಮಜೀವಿ. ಅದು ಆರೋಗ್ಯವಂತರಾಗಿ ತೋರುವವರ ಗಂಟಲಿನ ಹಿಂಭಾಗದಲ್ಲಿ, ಸುಮಾರು ಹತ್ತರಲ್ಲಿ ಒಬ್ಬರಲ್ಲಿ, ಯಾವ ತೊಂದರೆಯನ್ನೂ ಮಾಡದೆ ವಾಸಿಸುತ್ತಿರುತ್ತದೆ. ಧೂಮಪಾನಿಗಳ ಗಂಟಲಿನಲ್ಲಿ ಅದು ನೆಲೆಸುವ ಸಂಭವ ಇತರರಿಗಿಂತ ಹೆಚ್ಚು. ಜೊಲ್ಲಿನ ಮೂಲಕ ಮತ್ತೊಬ್ಬನನ್ನು ಸೇರಿ, ಅಪೂರ್ವವಾಗಿ ಯಾರಲ್ಲಿಯಾದರೂ ಅದು ಕೆರಳಿತೆಂದರೆ, ಬೆಳಿಗ್ಗೆ ತಲೆನೋವೆಂದು ಮಲಗಿದ ತರುಣನು ಮರುದಿನ ಬೆಳಗನ್ನು ಕಾಣದಿರುವುದೂ ಉಂಟು. ಕಾಲೇಜು ವಸತಿಗೃಹಗಳಲ್ಲಿ ಒಂದೇ ಸಿಗರೇಟನ್ನು ಹಂಚಿಕೊಳ್ಳಬಾರದೆಂದು ಪಾಶ್ಚಾತ್ಯ ದೇಶಗಳ ಆರೋಗ್ಯಾಧಿಕಾರಿಗಳು ವಿದ್ಯಾರ್ಥಿಗಳನ್ನು ಎಚ್ಚರಿಸುವುದು ಈ ಕಾರಣದಿಂದಲೇ.

ಒಂದೇ ವಸ್ತುವು ಬಾಯಿಯಿಂದ ಬಾಯಿಗೆ ಹೋಗುವುದರಿಂದ ಏನಾಗಬಹುದೆಂಬುದಕ್ಕೆ ಫ್ರಾನ್ಸಿನ ಲಿಯಾನ್ ಪ್ರಾಂತದ ಗಾಜು ಊದುವ ಕೆಲಸಗಾರರ ಕಥೆ ಒಂದು ಹಳೆಯ ನಿದರ್ಶನ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಕುಲುಮೆಗಳಲ್ಲಿ ಒಂದೇ ಊದುಗೊಳವೆಯನ್ನು ಒಬ್ಬರಾದ ಮೇಲೊಬ್ಬರು ಬಾಯಿಗಿಟ್ಟು ಊದುತ್ತಿದ್ದರು. ಬಾಯಿಯಲ್ಲಿ ಹುಣ್ಣಿದ್ದ ಒಬ್ಬನಿಂದ ಸಿಫಿಲಿಸ್ ಎಂಬ ಫಿರಂಗಿ ರೋಗವು, ಯಾವ ದುರ್ನಡತೆಯನ್ನೂ ಅರಿಯದ ಇತರ ಕೆಲಸಗಾರರಿಗೆ ಹರಡುತ್ತಿದ್ದುದನ್ನು ರೋಲೆ ಎಂಬ ವೈದ್ಯರು ಗುರುತಿಸಿದರು. ಆ ಗೊಳವೆಯ ಇನ್ನೊಂದು ತುದಿಯಲ್ಲಿಯೂ ಕರಗಿದ ಗಾಜಿನ ಬೆಂಕಿಯೇ ಇತ್ತೆಂಬುದನ್ನು ನೀವು ಗಮನಿಸಬೇಕು.

ಕ್ಷಯರೋಗದ ಮಾತನ್ನು ಪ್ರತ್ಯೇಕವಾಗಿ, ಸ್ವಲ್ಪ ವಿಳಂಬಿಸಿ ಹೇಳಬೇಕಾಗಿದೆ. ಏಕೆಂದರೆ ಇಲ್ಲಿ ಅರ್ಧ ತಿಳಿವಳಿಕೆಯು ಅಜ್ಞಾನದಷ್ಟೇ ಹಾನಿಕರ. ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಅವರು 1882ರ ಮಾರ್ಚ್ 24ರಂದು ಕ್ಷಯದ ಕ್ರಿಮಿಯನ್ನು ಕಂಡುಹಿಡಿದುದಾಗಿ ಪ್ರಕಟಿಸಿದರು. ನಮ್ಮ ನಾಡಿನಲ್ಲಿ ಈ ರೋಗವು ಅರಮನೆಯನ್ನೂ ಬಿಡಲಿಲ್ಲವೆಂಬುದಕ್ಕೆ ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು ಹೊತ್ತು ನಿಂತಿರುವ ಕ್ಷಯಾರೋಗ್ಯಧಾಮವೇ ಸಾಕ್ಷಿ. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಹಳ್ಳಿಹಳ್ಳಿಗಳ ರೋಗಿಗಳಿಗೆ ಚಿಕಿತ್ಸೆ ತಲಪುವ ಮಾರ್ಗವನ್ನು ದೇಶಕ್ಕೇ ರೂಪಿಸಿಕೊಟ್ಟಿತು. ಕ್ಷಯದ ಕ್ರಿಮಿಯು ಮುಖ್ಯವಾಗಿ ಹರಡುವುದು ಗಾಳಿಯ ಮೂಲಕ. ರೋಗಿಯು ಕೆಮ್ಮಿದಾಗ, ಜೋರಾಗಿ ಮಾತನಾಡಿದಾಗ ಹೊಮ್ಮುವ ಅತಿಸೂಕ್ಷ್ಮ ಹನಿಗಳು ಗಾಳಿಯಲ್ಲಿ ತೇಲುತ್ತಿದ್ದು, ಹತ್ತಿರವಿರುವವನ ಶ್ವಾಸಕೋಶದ ಆಳವನ್ನು ಸೇರಬೇಕು. ಕೇವಲ ತಟ್ಟೆಲೋಟಗಳಿಂದ ಈ ರೋಗ ಹರಡುವುದಿಲ್ಲ. ಆದಕಾರಣ ಮನೆಯಲ್ಲಿರುವ ಕ್ಷಯರೋಗಿಯ ತಟ್ಟೆಯನ್ನು ಬೇರೆಯಾಗಿರಿಸಿ, ಆತನನ್ನು ಮೂಲೆಗೆ ತಳ್ಳಿ, ಮನಸ್ಸನ್ನು ನೋಯಿಸುವುದು ಯಾವ ಪ್ರಯೋಜನವನ್ನೂ ಕೊಡದ ಕ್ರೌರ್ಯ.

ಹಾಗಾದರೆ ಎಂಜಲು ಬೀಡಿಗೂ ಕ್ಷಯಕ್ಕೂ ಸಂಬಂಧವಿಲ್ಲವೇ? ಉಂಟು; ಆದರೆ ಅದು ಬೀಡಿಯ ತೇವಕ್ಕಿಂತ ಹೆಚ್ಚಾಗಿ, ಬೀಡಿಯ ಸುತ್ತ ಕೂಡುವ ತಲೆಗಳಲ್ಲಿದೆ. ಒಂದು ಬೀಡಿಯನ್ನು ನಾಲ್ವರು ಸೇದಬೇಕಾದರೆ ನಾಲ್ವರೂ ಒತ್ತಿಕೊಂಡು ಕೂರಬೇಕು. ಆಳವಾಗಿ ಒಳಗೆಳೆದು, ಕೆಮ್ಮಿ, ಹೊರಬಿಟ್ಟ ಉಸಿರು ಪಕ್ಕದವನ ಮುಖಕ್ಕೇ ಬಡಿಯುತ್ತದೆ. ಮಳೆಗಾಲದಲ್ಲಾದರೆ ಈ ಕೂಟ ಬಾಗಿಲು ಮುಚ್ಚಿದ ಶೆಡ್ಡಿನೊಳಕ್ಕೆ ಸರಿಯುತ್ತದೆ. ಆಸ್ಟ್ರೇಲಿಯದಲ್ಲಿ ಕ್ಷಯರೋಗಿಯೊಬ್ಬನೊಡನೆ ಒಂದೇ ನೀರುಕೊಳವೆಯಿಂದ ಗಾಂಜಾ ಸೇದುತ್ತಿದ್ದ ಗೆಳೆಯರ ಗುಂಪಿನಲ್ಲಿ ಆ ರೋಗ ಹಬ್ಬಿದುದನ್ನು 2003ರಲ್ಲಿ ಪ್ರಕಟವಾದ ವೈದ್ಯಕೀಯ ವರದಿಯೊಂದು ದಾಖಲಿಸಿದೆ. ನಮ್ಮ ಚಿಲುಮೆಯ ಕೂಟಗಳಿಗೂ ಗುಡುಗುಡಿಯ ಕೂಟಗಳಿಗೂ ಈ ಎಚ್ಚರಿಕೆ ಸಮಾನವಾಗಿ ಅನ್ವಯಿಸುತ್ತದೆ. ಇಷ್ಟೇ ಅಲ್ಲದೆ, ಹೊಗೆಯು ತಾನೇ ಕ್ಷಯಕ್ಕೆ ಬಾಗಿಲು ತೆರೆಯುತ್ತದೆ. ಶ್ವಾಸನಾಳದ ಒಳಗೋಡೆಯಲ್ಲಿ ಸದಾ ಬೀಸುತ್ತ, ಹೊಕ್ಕ ಕಶ್ಮಲವನ್ನು ಮೇಲಕ್ಕೆ ದೂಡುವ ಸೂಕ್ಷ್ಮರೋಮಗಳು ಹೊಗೆಯಿಂದ ಜಡವಾಗಿಬಿಡುತ್ತವೆ. ಕ್ರಿಮಿಗಳನ್ನು ನುಂಗಿ ಕೊಲ್ಲಬೇಕಾದ ಜೀವಕೋಶಗಳ ಶಕ್ತಿಯೂ ಕುಂದುತ್ತದೆ. ತಮಿಳುನಾಡಿನ ಗಂಡಸರ ಸಾವಿನ ಕಾರಣಗಳನ್ನು ಪರಿಶೀಲಿಸಿ 2003ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಲಾದ ಅಧ್ಯಯನವು, ಧೂಮಪಾನಿಗಳು ಕ್ಷಯದಿಂದ ಸಾಯುವ ಸಂಭವ ಇತರರಿಗಿಂತ ಸುಮಾರು 4 ಪಟ್ಟು ಹೆಚ್ಚೆಂದು ತೋರಿಸಿತು. ಇಂತಿರಲು, ರೋಗದ ಬೀಜವೂ ಅದನ್ನು ಮೊಳೆಯಿಸುವ ನೆಲವೂ ಒಂದೇ ಕೂಟದಲ್ಲಿ ಸಿದ್ಧವಾಗುತ್ತವೆ.

ಇಲ್ಲದ ಭಯವನ್ನು ಹುಟ್ಟಿಸುವುದು ನನ್ನ ಇಷ್ಟವಲ್ಲ. ಎಚ್‌ಐವಿ ಸೋಂಕು ಬೀಡಿ ಸಿಗರೇಟು ಹಂಚಿಕೊಳ್ಳುವುದರಿಂದ ಬರುವುದಿಲ್ಲ; ಆ ಸೋಂಕುಳ್ಳವರನ್ನು ಈ ನೆಪದಿಂದ ದೂರವಿಡುವುದು ಸಲ್ಲದು.

ಈವರೆಗೆ ಹೇಳಿದುದು ಅನ್ಯರ ರೋಗದ ವಿಚಾರ. ಆರಿಸಿಟ್ಟ ಮೋಟಿನಲ್ಲಿ ಇನ್ನೊಂದು ಕೇಡೂ ಉಂಟು. ಅದು ತನ್ನದೇ ಬೀಡಿಯನ್ನು ಆರಿಸಿಟ್ಟು ಸೇದುವವನನ್ನೂ ಬಿಡುವುದಿಲ್ಲ. ಸೌದೆ ಒಲೆಯ ಮೇಲಣ ಜಂತೆಯಲ್ಲಿ ದಿನದಿನಕ್ಕೂ ಇಲ್ಲಣ ಕಟ್ಟುವಂತೆ, ಬೀಡಿ ಸಿಗರೇಟುಗಳು ಉರಿಯುತ್ತಿರುವಾಗ ಹೊಗೆಯಲ್ಲಿರುವ ಟಾರೆಂಬ ಜಿಡ್ಡೂ ನಿಕೋಟಿನೂ ಮುಂದೆ ಉರಿಯಬೇಕಾದ ಹೊಗೆಸೊಪ್ಪಿನ ಮೇಲೆ ಸ್ವಲ್ಪಸ್ವಲ್ಪವಾಗಿ ಸಂಚಯವಾಗುತ್ತ ಬರುತ್ತವೆ. ಬೆಂಕಿಯು ತುದಿಯನ್ನು ಸಮೀಪಿಸಿದಾಗ ಹೀಗೆ ಕೂಡಿಟ್ಟ ವಿಷವೂ ಹೊಸದಾಗಿ ಹುಟ್ಟುವ ವಿಷವೂ ಒಟ್ಟಿಗೆ ಹೊರಬೀಳುವುದರಿಂದ, ಮೊದಲ ದಮ್ಮಿಗಿಂತ ಕೊನೆಯ ದಮ್ಮು ಕಟುವಾದುದು, ಹೆಚ್ಚು ವಿಷಮಯವಾದುದು. ಮೋಟನ್ನು ಆಯ್ದವನ ಪಾಲಿಗೆ ಬರುವುದೆಲ್ಲ ಈ ಕೊನೆಯ ದಮ್ಮುಗಳೇ. ಆರಿದ ಬೀಡಿಯನ್ನು ಮತ್ತೆ ಹೊತ್ತಿಸಿದಾಗ ಬರುವ ಕಮಟು ರುಚಿಯನ್ನು ಸೇದುವವರೆಲ್ಲರೂ ಬಲ್ಲರು. ಆ ರುಚಿಯೇ ಈ ಜಿಡ್ಡಿನ ಸುಳಿವು. ಹತ್ತಾರು ತುಂಡುಗಳನ್ನು ಬಿಡಿಸಿ, ಒಳಗಿನ ಪುಡಿಯನ್ನು ಕೂಡಿಸಿ, ಹಳೆಯ ಪತ್ರಿಕೆಯ ಚೂರಿನಲ್ಲಿ ಸುತ್ತಿ ಸೇದುವವರು ಇಂತಹ ಕೊನೆಗಳನ್ನೇ ರಾಶಿ ಹಾಕಿಕೊಂಡು, ಅದರೊಡನೆ ಕಾಗದದ ಮಸಿಯನ್ನೂ ಸುಟ್ಟು ಉಸಿರಾಡುತ್ತಾರೆ.

ಬೀಡಿಯ ವಿಷಯದಲ್ಲಿ ಇದು ಇನ್ನೂ ತೀವ್ರ. ಸಿಗರೇಟಿನ ಕಾಗದದಂತೆ ಬೀಡಿಯ ಎಲೆಯಲ್ಲಿ ಗಾಳಿ ಸಲೀಸಾಗಿ ಆಡುವುದಿಲ್ಲವಾದ್ದರಿಂದ, ಎಳೆಯುವುದನ್ನು ತುಸು ನಿಲ್ಲಿಸಿದರೂ ಅದು ಆರಿಹೋಗುತ್ತದೆ. ಅದನ್ನು ಉರಿಸಿಡಲೆಂದು ಮೇಲಿಂದ ಮೇಲೆ, ಬಲವಾಗಿ ಎಳೆಯಬೇಕು; ತತ್ಪರಿಣಾಮವಾಗಿ, ಬೀಡಿಯೊಳಗಿನ ಹೊಗೆಸೊಪ್ಪು ಪ್ರಮಾಣದಲ್ಲಿ ಅಲ್ಪವಾದರೂ ಅದರಿಂದ ಒಳಸೇರುವ ಇಂಗಾಲದ ಮಾನಾಕ್ಸೈಡ್ ಮತ್ತು ಜಿಡ್ಡು ಅಲ್ಪವಲ್ಲ. ಅರ್ಧ ಸೇದಿ ಅರ್ಧ ಉಳಿಸಿದರೆ ಹಣವೂ ಉಳಿಯಿತು, ಆರೋಗ್ಯವೂ ಉಳಿಯಿತೆಂಬ ಲೆಕ್ಕಾಚಾರ ಇಲ್ಲಿ ಸಲ್ಲುವುದಿಲ್ಲ. ಎಣಿಕೆಯಲ್ಲಿ ಕಡಮೆ ಮಾಡಿದವನು ಅರಿವಿಲ್ಲದೆಯೇ ಆಳವಾಗಿ ಎಳೆದು ಆ ಕೊರತೆಯನ್ನು ತುಂಬಿಕೊಳ್ಳುತ್ತಾನೆ.

ಇಷ್ಟನ್ನು ಕೇಳಿದ ಮೇಲೂ, ನೆಲದ ಮೇಲಿನ ತುಂಡಿಗೆ ಬಾಗುವ ಮನುಷ್ಯನನ್ನು ಕಂಡು ಹೇಸಬೇಡಿರೆಂದು ನಾನು ಬೇಡಿಕೊಳ್ಳುತ್ತೇನೆ. ಒಂದು ದಮ್ಮಿನ ನಿಕೋಟಿನ್ ಸುಮಾರು 10 ಸೆಕೆಂಡುಗಳಲ್ಲಿ ಮೆದುಳನ್ನು ತಲಪುತ್ತದೆ. ಸುಮಾರು ಎರಡು ಗಂಟೆಗಳಲ್ಲಿ ರಕ್ತದೊಳಗಿನ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಆಗ ಸಿಡುಕು ಬರುತ್ತದೆ, ಮನಸ್ಸು ಯಾವುದರ ಮೇಲೂ ನಿಲ್ಲುವುದಿಲ್ಲ. ಕಿಸೆಯಲ್ಲಿ ಕಾಸಿಲ್ಲದವನು ಆ ಹೊತ್ತಿನಲ್ಲಿ ಬಾಗುವುದು ಮಾನಗೇಡಿತನದಿಂದಲ್ಲ. ಆತನಿಗೆ ಬೇಕಾದುದು ಚಿಕಿತ್ಸೆ. ‘ಪಾಪ, ಹೊಸದೊಂದನ್ನು ಕೊಡೋಣ’ ಎಂದು ಸಿಗರೇಟನ್ನು ಕೊಡಿಸುವುದರಿಂದ ಎಂಜಲಿನ ಅಪಾಯ ತಪ್ಪಬಹುದು, ಹೊಗೆಯ ಅಪಾಯ ತಪ್ಪುವುದಿಲ್ಲ. ಬಿಸುಡುವವನಿಗೂ ಇಲ್ಲಿ ಒಂದು ಹೊಣೆಯಿದೆ. ಅರ್ಧ ಉರಿದ ತುಂಡನ್ನು ಅಂಗಳಕ್ಕೋ ಬೀದಿಗೋ ಎಸೆದರೆ ಅದು ಅಂಬೆಗಾಲಿಡುವ ಮಗುವಿನ ಕೈಗೂ ಸಿಗುತ್ತದೆ. ತುಂಡನ್ನು ಅಗಿದು ನುಂಗಿದ ಎಳೆಯ ಮಕ್ಕಳು ನಿಕೋಟಿನಿನ ವಿಷದಿಂದ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದ ಪ್ರಸಂಗಗಳು ಎಲ್ಲ ದೇಶಗಳಲ್ಲಿಯೂ ಉಂಟು. ನೀರು ಹಾಕಿದ ಮರಳಿನ ಡಬ್ಬಿಯಲ್ಲಿ ಅದನ್ನು ಪೂರ್ತಿಯಾಗಿ ಆರಿಸಿ, ಬಳಿಕ ಕಸಕ್ಕೆ ಸೇರಿಸುವುದು ಯಾರಿಗೂ ಅಸಾಧ್ಯವಾದ ಕಾರ್ಯವಲ್ಲ.

ಬೀಡಿ ಹಂಚಿಕೊಂಡು ಸೇದುವವರಲ್ಲಿ ಯಾರಿಗಾದರೂ ಎರಡು ವಾರಕ್ಕೂ ಮೀರಿ ಕೆಮ್ಮು ನಿಲ್ಲದಿದ್ದರೆ, ಸಂಜೆಯ ಹೊತ್ತು ಮೈ ಬೆಚ್ಚಗಾಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫದ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಪರೀಕ್ಷೆಗೂ ಔಷಧಕ್ಕೂ ಅಲ್ಲಿ ಹಣ ಕೊಡಬೇಕಾಗಿಲ್ಲ. ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆಯನ್ನು ನಡುವೆ ಬಿಡದೆ ಮುಗಿಸಿದರೆ ರೋಗವು ಗುಣವಾಗುತ್ತದೆ.

ಸೇದುವುದನ್ನೇ ಬಿಡಬೇಕೆಂಬ ಇಚ್ಛೆಯುಳ್ಳವರಿಗೆ ವಯಸ್ಸಿನ ಅಡ್ಡಿಯಿಲ್ಲ. ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷಗಳ ಕಾಲ ಗಮನಿಸಿದ ರಿಚರ್ಡ್ ಡಾಲ್ ಅವರ ಅಧ್ಯಯನದ ಪ್ರಕಾರ, ಎಡೆಬಿಡದೆ ಸೇದುವವರ ಆಯುಸ್ಸು ಸರಾಸರಿ 10 ವರ್ಷ ಕುಗ್ಗುತ್ತದೆ. ಮೂವತ್ತರಲ್ಲಿ ಬಿಟ್ಟವರು ಆ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಿಕೊಂಡರು, ಅರವತ್ತರಲ್ಲಿ ಬಿಟ್ಟವರೂ ಸುಮಾರು 3 ವರ್ಷಗಳನ್ನು ಮರಳಿ ಗಳಿಸಿದರು. ಬಿಟ್ಟ ಮೊದಲ ವಾರದಲ್ಲಿ ಹಂಬಲ ಬಲವಾಗಿರುತ್ತದೆ. ಆದರೆ ಪ್ರತಿಯೊಂದು ಹಂಬಲವೂ ಕೆಲವೇ ನಿಮಿಷಗಳಲ್ಲಿ ಇಳಿಯುವಂತಹುದು, ಮೂರು ನಾಲ್ಕು ವಾರಗಳಲ್ಲಿ ಅದರ ಬಿರುಸು ತಗ್ಗುತ್ತದೆ. ಆ ದಿನಗಳಲ್ಲಿ ಜೊತೆಗಾರರು ‘ಒಂದೇ ಒಂದು ದಮ್ಮು’ ಎಂದು ಕೈ ಮುಂದೆ ಚಾಚದಿರುವುದೇ ಆತನಿಗೆ ಮಾಡುವ ದೊಡ್ಡ ಉಪಕಾರ. ಹೊಗೆಸೊಪ್ಪನ್ನು ಬಿಡಲು ನೆರವಾಗುವ ರಾಷ್ಟ್ರೀಯ ದೂರವಾಣಿ ಸಂಖ್ಯೆ 1800-11-2356. ಈ ಕರೆಗೆ ಶುಲ್ಕವಿಲ್ಲ. ದಕ್ಷಿಣದ ರಾಜ್ಯಗಳಿಗಾಗಿ ಇದರ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೇ ಇರುವುದರಿಂದ ಕನ್ನಡದಲ್ಲಿಯೇ ಮಾತನಾಡಬಹುದು. ಅಲ್ಲಿನ ಸಲಹೆಗಾರರು ಬಿಡುವ ದಿನವೊಂದನ್ನು ನಿಮ್ಮೊಡನೆಯೇ ಗೊತ್ತುಮಾಡಿಕೊಂಡು, ಅನಂತರದ ದಿನಗಳಲ್ಲಿ ಹೇಗಿದ್ದೀರೆಂದು ತಾವೇ ಮತ್ತೆ ಕರೆ ಮಾಡಿ ವಿಚಾರಿಸುತ್ತಾರೆ.